ಚಂದಪ್ಪನ ವಾದ್ಯ

ಚಂದಪ್ಪನ ಹೆಣದ ಎದೆಯ ಮೇಲೆ ಕ್ಯಾರಲ್ ಇಟ್ಟಿದ್ದ ಚರ್ಮವಾದ್ಯ ಹಲಗೆಯನ್ನು ಹೆಂಡತಿ ಮರೆಮ್ಮ ಎತ್ತಿ ಶೆಡ್ಡಿನ ಹೊರಗೆ ಎಸೆದಳು. ಅದು ಜಲ್ಲಿಯ ರಾಶಿಗೆ ಬಡಿದು ಧಣ್ಣೆಂದಿತು.

"ಎಂತಮ್ಮಾ ಇದು? ಜನ ಅವರನ್ನು ಗುರುತಿಸಿದ್ದೇ ಇದರಿಂದ ಅಲ್ವಾ?"

ಕ್ಯಾರಲ್ ಚಂದಪ್ಪನ ಮೇಲೆ ಸಾಕ್ಷ್ಯಚಿತ್ರ ಮಾಡಿ ಮಣಿಪಾಲದಲ್ಲಿ ಚಪ್ಪಾಳೆ ಗಿಟ್ಟಿಸಿದವಳು. ಇವತ್ತು ಕೊನೆಯ ದೃಶ್ಯಕ್ಕೆಂದು ಕ್ಯಾಮೆರಾದವನನ್ನೂ ಕರೆತಂದಿದ್ದಳು.

"ನಿಮ್ಮ ಮಂದಿಗೆ ಗುರ್ತಾತು. ನಮ್ಮ ಮಂದಿ ಮುಂದ ನನ್ನ ಗಂಡ ತಲಿ ಎತ್ತಲಿಲ್ಲ" ಎಂದಳು ಮರೆಮ್ಮ.

*

ಚಂದಪ್ಪನ ಅಪ್ಪ ಗೌಡರ ಮನೆಯ ಹೆಣಗಳ ಮುಂದೆ ಹಲಗೆ ಬಡಿದೇ ಸತ್ತವನು. ಮಗ ಅದನ್ನು ಮುಟ್ಟುವುದಿಲ್ಲವೆಂದು ಹದಿನಾರಕ್ಕೇ ಊರು ಬಿಟ್ಟ. ನಾಟಕ ಕಂಪನಿ ಸೇರಿ ಕ್ಲಾರಿಯೊನೆಟ್ ಕಲಿತ. ಕಂಪನಿ ಮುಳುಗಿದಾಗ ಉಡುಪಿಗೆ ಬಂದು ಗಾರೆ ಕೆಲಸಕ್ಕೆ ನಿಂತ. ಸಂಜೆ ಶೆಡ್ಡಿನ ಬಾಗಿಲಲ್ಲಿ ಕೂತು ಊದುತ್ತಿದ್ದ.

ಶೂಟಿಂಗಿಗೆ ಇಸ್ತ್ರಿ ಅಂಗಿ ತೊಟ್ಟು, ಕ್ಲಾರಿಯೊನೆಟ್ ಒರೆಸಿಕೊಂಡು ಕಾದಿದ್ದ. ಕ್ಯಾರಲ್ ಅರ್ಧ ರಾಗಕ್ಕೇ ನಿಲ್ಲಿಸಿದಳು.

"ಚಂದ ಉಂಟು. ಆದರೆ ನಿಮ್ಮ ಸಮುದಾಯದ ವಾದ್ಯ ಹಲಗೆ ಅಲ್ವಾ? ಅದರಲ್ಲಿ ಪ್ರತಿರೋಧ ಉಂಟು."

"ನನಗ ಬರೂದಿಲ್ಲರೀ."

"ಸುಮ್ಮನೆ ಬಡಿಯಿರಿ. ಸೌಂಡ್ ನಾವು ಮತ್ತೆ ಹಾಕುತ್ತೇವೆ."

ಮನೆಗೆ ಬಂದವರಿಗೆ ಇಲ್ಲ ಅನ್ನಲು ಬಾರದವನು. ಅಂಗಿ ಕಳಚಿ, ಅವಳು ತಂದಿದ್ದ ಹಲಗೆ ಬಡಿದ. ಚಿತ್ರದಲ್ಲಿ ಕ್ಲಾರಿಯೊನೆಟ್ ಒಮ್ಮೆಯೂ ಕಾಣಲಿಲ್ಲ. ಇಂಥ ಗೌರವ ಶತ್ರುವಿಗೂ ಬೇಡ. ಶೆಡ್ಡಿನ ಸಾಲಿನವರು ಮೊಬೈಲಿನಲ್ಲಿ ನೋಡಿ, "ಕಡೀಗೆ ಅಪ್ಪನ ಹಲಗೀನ ಹಿಡದ್ಯಲ್ಲೋ" ಎಂದು ನಕ್ಕರು. ಅಂದು ಪೆಟ್ಟಿಗೆ ಸೇರಿದ ಕ್ಲಾರಿಯೊನೆಟ್ಟನ್ನು ಅವನು ಮತ್ತೆ ತೆಗೆಯಲಿಲ್ಲ. "ನಾ ಸತ್ತರ ಮುಂದ ಹಲಗಿ ಬಡಿಸಬ್ಯಾಡ" ಎಂದಷ್ಟೇ ಹೆಂಡತಿಗೆ ಹೇಳಿದ್ದ.

*

ಚಟ್ಟ ಕಟ್ಟಿಯಾಯಿತು. ಪದ್ಧತಿಯಂತೆ ಇಬ್ಬರು ಬೆಂಕಿ ಹಾಕಿ, ಚರ್ಮ ಬಿಗಿಯಾಗಲೆಂದು ಹಲಗೆ ಕಾಯಿಸುತ್ತಿದ್ದರು. ಮಗ ಯಮನೂರ ಹೋಗಿ ಬೆಂಕಿಗೆ ನೀರು ಸುರಿದ.

"ಹಲಗಿ ಇಲ್ದ ಹೆಣ ಹೆಂಗ ಎತ್ತೂದೋ?" ಹಿರಿಯನೊಬ್ಬ ರೇಗಿದ.

"ಹೆಗಲ ಕೊಟ್ಟು ಎತ್ತೂದು. ಆಗದವರು ಮನಿಗೆ ಹೋಗ್ರಿ" ಎಂದಳು ಮರೆಮ್ಮ. ಮೂವರು ಎದ್ದು ಹೋದರು. ಅವಳು ಕರೆಯಲಿಲ್ಲ.

ಒಳಗಿಂದ ತಗಡಿನ ಪೆಟ್ಟಿಗೆ ತಂದು ಕ್ಲಾರಿಯೊನೆಟ್ ಹೊರತೆಗೆದಳು. ಕ್ಯಾರಲ್ ಯಮನೂರನ ಬಳಿ ಸರಿದು ಮೆಲ್ಲಗೆ, "ಅದು ಬೇಡ ಮಾರಾಯ. ಫಿಲಂನಲ್ಲಿ ಅದು ಇಲ್ವೇ ಇಲ್ಲ. ನೋಡುವವರಿಗೆ ಯಾರೋ ಬೇರೆಯವರ ಹೆಣ ಅನ್ನಿಸ್ತದೆ" ಎಂದಳು.

"ಫಿಲಂನಾಗ ಇದ್ದವನೇ ಬೇರೆಯವನು. ಅವನ ಹೆಣ ಬೇಕಾದರ ಬ್ಯಾರೆ ಕಡೆ ಹುಡುಕ್ರಿ" ಎಂದು ಯಮನೂರ ಕ್ಯಾಮೆರಾದ ಕಣ್ಣಿಗೆ ಅಂಗೈ ಒತ್ತಿದ.

ಮರೆಮ್ಮ ಇದ್ಯಾವುದನ್ನೂ ನೋಡಲಿಲ್ಲ. ಗಂಡನ ಇಸ್ತ್ರಿ ಅಂಗಿಯ ಮೇಲೆ ಕ್ಲಾರಿಯೊನೆಟ್ ಇಟ್ಟು, ಸೆಟೆದ ಬೆರಳುಗಳನ್ನು ನೀವಿ ನೀವಿ ಸಡಿಲಿಸಿ, ಒಂದೊಂದನ್ನೇ ಅದರದರ ತೂತಿನ ಮೇಲೆ ಕೂರಿಸುತ್ತಿದ್ದಳು.