ಸುಹೈಲ್ ಬರಲಿ, ಆಮೇಲೆ ನೋಡೋಣ

ಆ ವರ್ಷ ಸೌದಿಯ ನಮ್ಮ ಬುರೈದಾ ಊರಿಗೆಲ್ಲ ಚಳಿಗಾಲ ಬಂದು ಕೂತಿತ್ತು, ನಮ್ಮ ಮನೆಯಲ್ಲಿ ಮಾತ್ರ ಬೇಸಿಗೆ ಮುಗಿದಿರಲಿಲ್ಲ. ಜನವರಿ ತಿಂಗಳು. ಹೊರಗೆ ಬಾಯಿ ತೆರೆದರೆ ಹೊಗೆ ಬರುತ್ತಿತ್ತು, ಒಳಗೆ ಏಸಿ ಗುರುಗುಡುತ್ತಿತ್ತು. ನಾವು ಮಧ್ಯಾಹ್ನ ದಪ್ಪ ಪರದೆ ಎಳೆದು ಕಡ್ಡಾಯವಾಗಿ ಮಲಗುತ್ತಿದ್ದೆವು, ಸಂಜೆ ಐಸು ಹಾಕಿದ ಮಜ್ಜಿಗೆ ಕುಡಿಯುತ್ತಿದ್ದೆವು, ರಾತ್ರಿ ಹಲ್ಲು ಕಟಕಟಿಸುತ್ತ ದೇವರನ್ನು ನೆನೆಯುತ್ತಿದ್ದೆವು. ಚಳಿ ಎಂಬ ಮಾತನ್ನು ಮನೆಯೊಳಗೆ ಯಾರೂ ಆಡುವ ಹಾಗಿರಲಿಲ್ಲ. ಯಾಕೆಂದರೆ ನಮ್ಮ ಮಾವ ಇನ್ನೂ ಸುಹೈಲ್ ನಕ್ಷತ್ರವನ್ನು ನೋಡಿರಲಿಲ್ಲ.

ದಕ್ಷಿಣದಲ್ಲಿ ಸುಹೈಲ್ ಕಂಡರೆ ಸೆಖೆ ಮುಗಿದ ಹಾಗೆ. ಇದು ನಮ್ಮ ಕಡೆ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಆಗಸ್ಟ್ ಕೊನೆಗೆ ಬೆಳಗಿನ ಜಾವ ಅದು ಮೊದಲು ಕಾಣಿಸುತ್ತದೆ ಎಂದು ಕ್ಯಾಲೆಂಡರಿನಲ್ಲೂ ಅಚ್ಚಾಗಿರುತ್ತದೆ. ಆದರೆ ನಮ್ಮ ಓಣಿಯಲ್ಲಿ ಕ್ಯಾಲೆಂಡರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮುಕ್ಬಿಲ್ ಮಾವನ ಕಣ್ಣೇ ಲೆಕ್ಕ. ಹರೆಯದಲ್ಲಿ ಮರಳುಗಾಡಿನಲ್ಲಿ ಒಂಟೆ ಕಾಯ್ದವರು ಅವರು. ಪ್ರತಿ ವರ್ಷ ಮಾಳಿಗೆ ಹತ್ತಿ "ಸುಹೈಲ್ ಬಂತು" ಎಂದು ಕೂಗುತ್ತಿದ್ದರು. ಓಣಿಯವರು ಹಾಸಿಗೆಯಲ್ಲೇ "ಸದ್ಯ, ಬದುಕಿದೆವು" ಎಂದು ಮಗ್ಗುಲು ಬದಲಿಸುತ್ತಿದ್ದರು.

ಆ ವರ್ಷ ಅವರ ಎರಡು ಕಣ್ಣಿಗೂ ಪೊರೆ ಬಂದಿತ್ತು. ಸಣ್ಣ ಆಪರೇಷನ್, ಸಂಜೆಗೆ ಮನೆಗೆ ಬರಬಹುದು ಎಂದರು ಡಾಕ್ಟರು.

"ಈ ಸೆಖೇಲಿ ಕಣ್ಣು ಕುಯ್ಯಿಸ್ಕೊಳ್ಳೋಕೆ ನನಗೇನು ತಲೆ ಕೆಟ್ಟಿದ್ಯಾ?" ಎಂದರು ಮಾವ. "ಸುಹೈಲ್ ಬರಲಿ, ಆಮೇಲೆ ನೋಡೋಣ."

ಅದೇ ಬೇಸಿಗೆಯಲ್ಲಿ ನನ್ನ ನಾದಿನಿ ಮುಜ್ನಾಳನ್ನು ಸೊಸೆಯಾಗಿ ಕೇಳಿಕೊಂಡು ಅಬೂ ಫೌಜಾನ್, ಅಂದರೆ ಫೌಜಾನನ ಅಪ್ಪ, ಬಂದಿದ್ದರು. ಮುಜ್ನಾ ಮಾವನ ಕೊನೆಯ ಮಗಳು, ಕಣ್ಣುಗೊಂಬೆ. ಹುಡುಗ ಫೌಜಾನ್ ಒಳ್ಳೆಯವನು, ನಗುಮುಖದವನು. ನಿನಗೆ ಒಪ್ಪಿಗೆಯಾ ಎಂದು ಕೇಳಿದರೆ ಮುಜ್ನಾ "ಅಪ್ಪ ಹೇಳಿದ ಹಾಗೆ" ಎಂದು ತಲೆ ತಗ್ಗಿಸಿದಳು. ಅವತ್ತು ಅವಳು ಹುರಿಯುತ್ತಿದ್ದ ಕಾಫಿ ಬೀಜ ಪೂರ್ತಿ ಸೀದು ಕಪ್ಪಾಯಿತು. ನನಗೆ ಅಷ್ಟು ಸಾಕಿತ್ತು. ಮಾವ ಮಾತ್ರ ಬೀಗರಿಗೂ ಅದೇ ಉತ್ತರ ಕೊಟ್ಟರು. "ಈ ಬಿಸಿಲಲ್ಲಿ ಮದುವೆ ಮಾಡಿದ್ರೆ ಮದುಮಗಳು ಬೆಣ್ಣೆ ಕರಗಿದ ಹಾಗೆ ಕರಗಿಹೋಗ್ತಾಳೆ. ಸುಹೈಲ್ ಬರಲಿ."

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅನ್ನುತ್ತಾರಲ್ಲ, ಅದನ್ನು ನಾನು ಕಣ್ಣಾರೆ ಕಂಡೆ. ಪೊರೆ ತೆಗೆಸದೆ ಸುಹೈಲ್ ಕಾಣದು. ಸುಹೈಲ್ ಕಾಣದೆ ಪೊರೆ ತೆಗೆಸರು. ನಡುವೆ ಸಿಕ್ಕಿಬಿದ್ದವಳು ಮುಜ್ನಾ.

ಮೊದಮೊದಲು ನಾವು ನಕ್ಕೆವು. ಸೆಪ್ಟೆಂಬರಿನಲ್ಲಿ ನನ್ನ ಗಂಡ ಹಮೂದ್ ಕ್ಯಾಲೆಂಡರನ್ನು ಗೋಡೆಯಿಂದ ಕಿತ್ತು ತಂದು ಅವರ ಮೂಗಿನ ಮುಂದೆ ಹಿಡಿದ.

"ಅಪ್ಪ, ಸುಹೈಲ್ ಬಂದು ತಿಂಗಳಾಯ್ತು. ಇಲ್ಲಿ ಬರೆದಿದೆ."

"ಕ್ಯಾಲೆಂಡರಿಗೆ ಕಣ್ಣಿದ್ಯೇನೋ?"

ನಿಮಗಿದೆಯಾ ಎಂದು ಕೇಳುವ ಧೈರ್ಯ ಹಮೂದನಿಗಿರಲಿಲ್ಲ. ಅತ್ತೆಗೆ ಇತ್ತು. ನಮ್ಮ ತರ್ಫಾ ಅತ್ತೆ ಯಾರಿಗೂ ಹೆದರಿದವರಲ್ಲ. "ನಾನೇ ನೋಡಿದೀನಿ, ಅಬೂ ಹಮೂದ್. ನಸುಕಲ್ಲಿ ಬಟ್ಟೆ ಒಣಹಾಕೋಕೆ ಹೋದಾಗ ಕಂಡಿತ್ತು."

"ಹೌದೇನೇ? ಹೋದ ವರ್ಷ ವಿಮಾನ ನೋಡಿ ಶುಕ್ರ ಅಂದೋಳು ನೀನೇ ತಾನೆ?"

ಅಕ್ಟೋಬರಿನಲ್ಲಿ ಓಣಿಯ ಗಂಡಸರನ್ನು ಸಾಕ್ಷಿಗೆ ಕರೆಸಿದೆವು. ಮಾವ ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿ ವಿಚಾರಣೆ ಮಾಡಿದರು. ಒಬ್ಬ ಮಸೀದಿಯ ಮೇಲೆ ಕಂಡೆ ಎಂದ. ಇನ್ನೊಬ್ಬ ರೊಟ್ಟಿ ಅಂಗಡಿಯ ಪಕ್ಕದಲ್ಲಿ ಎಂದ. ಮೂರನೆಯವನು ನೀರಿನ ಟ್ಯಾಂಕಿನ ತುದಿಯ ಕೆಂಪು ದೀಪವನ್ನು ಬೆರಳು ಮಾಡಿ ತೋರಿಸಿ, ದೇವರಾಣೆ ಅದೇ ಎಂದ. ಮಾವ ಅವರಿಗೆಲ್ಲ ಸುಕ್ಕರಿ ಖರ್ಜೂರ ಕೊಟ್ಟು, ಐಸು ಹಾಕಿದ ಮಜ್ಜಿಗೆ ಕುಡಿಸಿ ಕಳಿಸಿದರು. ತೀರ್ಪು: ಸೆಖೆ ಮುಂದುವರಿದಿದೆ.

ನಗಬೇಕಾದ ಸಂಗತಿ ಮುಂದಿದೆ. ಓಣಿಯವರು ಮಾವನಿಗೆ ತೋರುವ ಮರ್ಯಾದೆ ಎಂಥದ್ದೆಂದರೆ, ಚಳಿ ಬಂದ ಮೇಲೂ ಯಾರೂ ನಮ್ಮ ಬಾಗಿಲ ಮುಂದೆ ಫರ್ವಾ ಹಾಕಿಕೊಂಡು ಓಡಾಡಲಿಲ್ಲ. ಕುರಿಯ ಉಣ್ಣೆಯ ಆ ದಪ್ಪ ಅಂಗಿಯನ್ನು ತಿರುವಿನಲ್ಲೇ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು, ತೆಳು ಬಿಳಿ ನಿಲುವಂಗಿಯಲ್ಲಿ ನಡುಗುತ್ತ ಬಂದು, "ಸಲಾಂ ಅಬೂ ಹಮೂದ್, ಏನು ಸೆಖೆ ಅಲ್ವಾ" ಎಂದು ಕೇಳಿ, ಬಾಗಿಲು ದಾಟಿದ ಮೇಲೆ ಮತ್ತೆ ಹಾಕಿಕೊಳ್ಳುತ್ತಿದ್ದರು. ನಮ್ಮ ಹಮೂದ್ ತನ್ನದನ್ನು ಕಾರಿನಲ್ಲಿ ಬಚ್ಚಿಟ್ಟಿದ್ದ. ಕೆಲವೊಮ್ಮೆ ರಾತ್ರಿ ಅವನು ಕಾರಿನಲ್ಲಿ ಕೂತು ಬರುತ್ತೇನೆಂದು ಹೋದರೆ ಬೆಳಗಿನ ನಮಾಜಿಗೇ ಬರುತ್ತಿದ್ದುದು. ಹೆಂಡತಿ ಇಲ್ಲಿ ಏಸಿ ಕೆಳಗೆ ಒಣಮೀನಿನ ಹಾಗೆ ಬಿದ್ದಿರಲಿ, ಅವನಿಗೇನು.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಜೊತೆ ವಾದ ಮಾಡಬಹುದು. ಮೊಲವನ್ನೇ ಹಿಡಿಯದೆ ಕೂತವರ ಜೊತೆ ಏನು ಮಾಡುವುದು?

ಜನವರಿಯಲ್ಲಿ ಅಬೂ ಫೌಜಾನ್ ಮತ್ತೆ ಬಂದರು. ಪಾಪ, ಅವರೂ ಫರ್ವಾವನ್ನು ಕಾರಿನಲ್ಲೇ ಬಿಟ್ಟಿದ್ದರು. ನಾನು ಮತ್ತು ಮುಜ್ನಾ ಹಜಾರದ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆವು. ಏಸಿ ಗಾಳಿ ಅವರ ನೆತ್ತಿಗೇ ಹೊಡೆಯುತ್ತಿತ್ತು. ಅವರು ಹಿಡಿದ ಮಜ್ಜಿಗೆ ಲೋಟದಲ್ಲಿ ಐಸು ಕಿಣಿಕಿಣಿ ಅನ್ನುತ್ತಿತ್ತು.

"ಅಬೂ ಹಮೂದ್," ಎಂದರು ಅವರು, "ನಮ್ಮ ಹುಡುಗ ಕಾದೂ ಕಾದೂ ಗಡ್ಡ ಹಣ್ಣಾಗೋ ಹಾಗಾಯ್ತು. ಅವನಮ್ಮ ಇನ್ನೊಂದು ಮನೇಲೂ ಮಾತಾಡಿದಾಳೆ. ನನಗೆ ನಿಮ್ಮ ಮಗಳೇ ಆಗಬೇಕು. ಆದ್ರೆ ಈ ಶುಕ್ರವಾರದೊಳಗೆ ಸುಹೈಲ್ ಬರದೆ ಇದ್ರೆ, ತಪ್ಪು ತಿಳೀಬೇಡಿ."

"ನಕ್ಷತ್ರಕ್ಕೆ ನಾನು ಗಡುವು ಕೊಡೋಕಾಗುತ್ತಾ?" ಎಂದರು ಮಾವ.

ಮುಜ್ನಾ ಅಡುಗೆಮನೆಗೆ ಹೋಗಿ ಏಲಕ್ಕಿ ಕುಟ್ಟತೊಡಗಿದಳು. ಕುಟ್ಟಿದ್ದನ್ನೇ ಕುಟ್ಟುತ್ತಿದ್ದಳು, ಏಲಕ್ಕಿ ಹಿಟ್ಟಾದರೂ ನಿಲ್ಲಿಸಲಿಲ್ಲ. ಬೀಗರು ಹೋದ ತಕ್ಷಣ ಇವತ್ತು ಮಾವನ ಜೊತೆ ಮಾತಾಡಿಯೇ ತೀರುತ್ತೇನೆಂದು ಅವರ ಕೋಣೆಗೆ ನುಗ್ಗಿದೆ.

ಮಾವ ಮೂರು ಕಂಬಳಿ ಹೊದ್ದು, ಮಂಚದ ಪಕ್ಕ ಕೆಂಡದ ಮಡಕೆ ಇಟ್ಟುಕೊಂಡು, ಅದರ ಮೇಲೆ ಕೈ ಚಾಚಿ ಕೂತಿದ್ದರು. ಹೆಜ್ಜೆ ಸದ್ದಿಗೆ ಬೆಚ್ಚಿದರು.

"ಯಾರದು?"

"ನಾನು ಮಾವ, ನುವೈರ್."

"ನೀನು ಏನೂ ನೋಡಿಲ್ಲ."

"ಈ ಮನೇಲಿ ಯಾರೂ ಏನೂ ನೋಡಲ್ಲ ಬಿಡಿ," ಎಂದೆ. "ಮಾವ, ಸುಹೈಲ್ ಬಂದಿದೆ ಅಂತ ನಿಮಗೆ ಗೊತ್ತು."

ಅವರು ಕೈಯನ್ನು ಕಂಬಳಿಯೊಳಗೆ ಎಳೆದುಕೊಂಡರು. ಆಮೇಲೆ ಕೆಂಡಕ್ಕೆ ಹೇಳುವ ಹಾಗೆ ಮೆಲ್ಲಗೆ ಹೇಳಿದರು. "ಕಣ್ಣು ಹೋದ ಮೇಲೆ ನನಗೆ ಆ ಹುಡುಗಿ ಧ್ವನಿಯೇ ಬೆಳಕು, ನುವೈರ್. ಚಪ್ಪಲಿ ಎಲ್ಲಿದೆ ಅನ್ನೋದರಿಂದ ಹಿಡಿದು ಅವಳೇ ಹೇಳಬೇಕು. ಅವಳು ಹೋದ್ರೆ ನಂಗೆ ಕಾಫಿ ಯಾರು ಮಾಡ್ತಾರೆ?"

"ನಾನೇನು ಸತ್ತಿದ್ದೀನಾ?"

"ನೀನು ಏಲಕ್ಕಿ ಜಾಸ್ತಿ ಹಾಕ್ತೀಯ."

ನನಗೆ ನಗುವೂ ಬಂತು, ಅಳುವೂ ಬಂತು. ಬಯ್ಯಲು ತಂದಿದ್ದ ಮಾತುಗಳನ್ನೆಲ್ಲ ನುಂಗಿ, ಕಂಬಳಿ ಸರಿಮಾಡಿ ಹೊರಗೆ ಬಂದೆ. ಬಾಗಿಲ ಬಳಿ ಮುಜ್ನಾ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಗುರುವಾರ ರಾತ್ರಿ ಊಟವಾದ ಮೇಲೆ ಅವಳು ಅಪ್ಪನ ಕೈ ಹಿಡಿದು ಎಬ್ಬಿಸಿದಳು. "ಬಾ ಅಪ್ಪ, ಮಾಳಿಗೆಗೆ ಹೋಗೋಣ. ಕೊನೇ ಸಲ ನೋಡು. ಕಾಣದೆ ಇದ್ರೆ ನಾನು ಆ ಮಾತನ್ನೇ ಎತ್ತಲ್ಲ."

ನಾವೆಲ್ಲ ಹಿಂದೆ ಹತ್ತಿದೆವು, ತೆಳು ಬೇಸಿಗೆ ಬಟ್ಟೆಯಲ್ಲಿ. ಗಾಳಿ ಮೂಳೆಗೆ ನಾಟುತ್ತಿತ್ತು. ದಕ್ಷಿಣದಲ್ಲಿ, ಮನೆಗಳ ಸೂರಿನ ಮೇಲೆ, ಸುಹೈಲ್ ನಿಗಿನಿಗಿ ಉರಿಯುತ್ತಿತ್ತು. ಕುರುಡನೂ ನೋಡಬೇಕು, ಅಷ್ಟು ದೊಡ್ಡದಾಗಿ. ಮಾವ ಕತ್ತು ಚಾಚಿ ನೋಡಿದರು. ಕಣ್ಣುಜ್ಜಿಕೊಂಡು ನೋಡಿದರು. ನೋಡುವುದಕ್ಕೆ ನಿಜವಾಗಿಯೂ ಪ್ರಯತ್ನಿಸಿದರು, ಅದಕ್ಕೆ ನಾನೇ ಸಾಕ್ಷಿ.

"ಎಲ್ಲೂ ಇಲ್ಲ," ಎಂದರು. ಆ ದನಿಯಲ್ಲಿ ಹಟ ಇರಲಿಲ್ಲ, ಭಯವಿತ್ತು.

"ಹೋಗಲಿ ಬಿಡು," ಎಂದಳು ಮುಜ್ನಾ. "ಅಪ್ಪ, ಒಂಟೆಮರಿಗೆ ಹಾಲು ಬಿಡಿಸೋ ಕಥೆ ಹೇಳು."

ಇದು ಮಾವ ಸಾವಿರ ಸಲ ಹೇಳಿದ ಕಥೆ. ಮನೆಗೆ ಬಂದ ಯಾವ ಅತಿಥಿಯೂ ಇದರಿಂದ ತಪ್ಪಿಸಿಕೊಂಡದ್ದಿಲ್ಲ. "ಈಗ್ಯಾಕೆ?" ಎಂದರು, ಆದರೂ ಬಾಯಿ ತಾನಾಗಿ ಶುರುಮಾಡಿತು. "ಸುಹೈಲ್ ಬಂದ ದಿನ ಮರೀನ ತಾಯಿಯಿಂದ ಬೇರೆ ಮಾಡ್ಬೇಕು. ಮರಿ ಕಿವಿ ಹಿಡಿದು, ಮುಖ ಸುಹೈಲ್ ಕಡೆ ತಿರುಗಿಸಿ ಹೇಳ್ಬೇಕು, ಕಾಣ್ತೇನೋ ಸುಹೈಲ್, ಇವತ್ತಿನಿಂದ ನಿಂಗೆ ಒಂದು ತೊಟ್ಟು ಹಾಲಿಲ್ಲ ಅಂತ. ಆಮೇಲೆ ಅದು ತಾನೇ ಮೇಯೋಕೆ ಹೋಗುತ್ತೆ."

"ಹಾಗಾದ್ರೆ ಸುಹೈಲ್ ಕಾಣಬೇಕಾಗಿರೋದು ಯಾರಿಗೆ? ಕಿವಿ ಹಿಡಿದೋರಿಗಾ, ಮರಿಗಾ?"

ಓಣಿಯನ್ನೇ ವಿಚಾರಣೆ ಮಾಡಿ ಕಳಿಸಿದ ಮಾವ ಈಗ ತಾವೇ ಸಾಕ್ಷಿಯ ಜಾಗದಲ್ಲಿ ನಿಂತಿದ್ದರು. ಅತ್ತೆ ಹಿಂದಿನಿಂದ, "ಹೇಳಿ, ಈಗ ಹೇಳಿ," ಎಂದು ಚುಚ್ಚಿದರು.

"ಮರಿಗೆ," ಎಂದರು ಮಾವ ಕೊನೆಗೆ.

ಮುಜ್ನಾ ಅವರ ಮುಂದೆ ಬಂದು ನಿಂತಳು. ತಲೆಯ ಶಾಲು ಪಕ್ಕಕ್ಕೆ ಸರಿಸಿ, ಅವರ ಕೈಯನ್ನು ತನ್ನ ಕಿವಿಯ ಹತ್ತಿರ ತಂದು ಬಿಟ್ಟಳು. ಹಿಡಿ ಎಂದು ಹೇಳಲಿಲ್ಲ. ಅವರ ಕೈ ಅಲ್ಲೇ ಗಾಳಿಯಲ್ಲಿ ನಿಂತಿತ್ತು. ಹಮೂದ್ ಏನೋ ಹೇಳಲು ಹೋದ, ನಾನು ಅವನ ಕಾಲು ತುಳಿದೆ.

ಮಾವ ಬೆರಳಿನಿಂದ ತಡಕಾಡಿ ಅವಳ ಕಿವಿ ಹಿಡಿದರು. ಮೊಗ್ಗು ಹಿಡಿದ ಹಾಗೆ ಹಿಡಿದರು. ಹಿಡಿದು ಅವಳ ಮುಖವನ್ನು ನೇರವಾಗಿ ನೀರಿನ ಟ್ಯಾಂಕಿನ ಕೆಂಪು ದೀಪದ ಕಡೆಗೆ ತಿರುಗಿಸಿದರು.

ಯಾರೂ ನಗಲಿಲ್ಲ. ಮುಜ್ನಾ ಮೆಲ್ಲಗೆ, ಅವರ ಕೈಯೂ ತನ್ನ ಜೊತೆಗೇ ಬರುವ ಹಾಗೆ, ಟ್ಯಾಂಕಿನಿಂದ ದಕ್ಷಿಣಕ್ಕೆ ತಿರುಗಿಕೊಂಡಳು.

"ಕಾಣ್ತೇನಮ್ಮಾ ಸುಹೈಲ್?"

"ಕಾಣ್ತು ಅಪ್ಪ."

"ಸರಿಯಾಗಿ ನೋಡಿದ್ಯಾ? ಹೇಗಿದೆ?"

"ಚಂಚಲ ಅಪ್ಪ, ಒಂದು ಕಡೆ ನಿಲ್ತಿಲ್ಲ. ಒಮ್ಮೆ ಬಿಳಿ, ಒಮ್ಮೆ ಕೆಂಪು."

"ಅದೇ," ಎಂದರು ಮಾವ. ಆ ಒಂದೇ ಮಾತಿಗೆ ಅವರ ಮುಖ ನಾಲ್ಕೈದು ತಿಂಗಳ ಮೇಲೆ ಹಗುರಾಯಿತು. ಅವರು ಕೇಳಿದ ಸಾಕ್ಷಿಗಳಲ್ಲಿ ಅದನ್ನು ನಿಜವಾಗಿ ನೋಡಿದವಳು ಇವಳೊಬ್ಬಳೇ ಎಂದು ಅವರಿಗೆ ಗೊತ್ತಾಯಿತು. ಉಳಿದ ಮಾತು ಹೇಳುವ ಮೊದಲು ಅವಳ ಶಾಲು ತಡಕಿ ಭುಜಕ್ಕೆ ಹೊದಿಸಿದರು.

"ಇವತ್ತಿನಿಂದ ಈ ಮನೇಲಿ ನಿಂಗೆ ಒಂದು ತೊಟ್ಟು ಹಾಲಿಲ್ಲ, ಮಗಳೇ."

ಮುಜ್ನಾ ಅಳುತ್ತಿದ್ದಳು. ಅತ್ತೆ ಶಾಲಿನ ತುದಿಯಲ್ಲಿ ಮೂಗು ಒರೆಸಿಕೊಂಡು, ಇಷ್ಟು ದಿನ ಹೆಪ್ಪುಗಟ್ಟಿಸಿದ್ದಕ್ಕೆ ಗಂಡನನ್ನು ಬಯ್ದರು. ಮಾವ ಓಣಿಯ ಕಡೆ ತಿರುಗಿ, ಇದ್ದಷ್ಟು ದನಿಯಲ್ಲಿ "ಸುಹೈಲ್ ಬಂತು" ಎಂದು ಕೂಗಿದರು. ಕೆಳಗೆ ಒಂದೊಂದೇ ಬಾಗಿಲು ತೆರೆಯಿತು. ಓಣಿಯ ಗಂಡಸರೆಲ್ಲ ಫರ್ವಾ ಹಾಕಿಕೊಂಡೇ ಹೊರಗೆ ಬಂದಿದ್ದರು. ಎಲ್ಲರೂ ತಲೆ ಎತ್ತಿ, ಈಗ ತಾನೆ ಗೊತ್ತಾದವರಂತೆ, "ಹೌದಾ, ಬಂತಾ? ಸದ್ಯ" ಎಂದರು.

ಮಾವನ ಒಂದು ಕೈ ಇನ್ನೂ ಮಗಳ ಕಿವಿಯಲ್ಲೇ ಇತ್ತು. ಕೊನೆಗೆ ಅದನ್ನು ಬಿಟ್ಟು, ತೆಳು ನಿಲುವಂಗಿಯ ಮೇಲೆ ಎರಡೂ ಕೈ ಕಟ್ಟಿಕೊಂಡು ನಿಂತರು.

"ಹಮೂದ್," ಎಂದರು. "ಚಳಿ ಆಗ್ತಿದೆ ಕಣೋ."