ಅಪ್ಪನ ಕಾರಿಗೆ ಮೆರೂನ್ ಸೀಟು

ನಮ್ಮ ಯಜಮಾನರು ಏನು ಮಾಡಿದರೂ ನನಗೋಸ್ಕರವೇ ಮಾಡುತ್ತಾರೆ. ಅಡುಗೆಮನೆಗೆ ಕಪ್ಪು ಟೈಲ್ಸ್ ಹಾಕಿಸಿದ್ದು ನನಗೋಸ್ಕರ. ನನ್ನ ಸ್ಕೂಟರ್ ಮಾರಿ ತಾವು ಬುಲೆಟ್ ತಂದದ್ದೂ ನನಗೋಸ್ಕರ. ಹಾಗಾಗಿ ನಮ್ಮಪ್ಪನ ಕಾರಿನ ಒಳಗನ್ನೆಲ್ಲ ಕಿತ್ತು ಹೊಸದು ಮಾಡಿಸುತ್ತೇನೆ ಅಂದಾಗಲೇ ನಾನು ಹುಷಾರಾಗಬೇಕಿತ್ತು.

ಮೊದಲು ಆ ಕಾರಿನ ವಿಷಯ ಹೇಳಿಬಿಡುತ್ತೇನೆ. ನಮ್ಮಪ್ಪ ಬಸವಯ್ಯ ತಿ. ನರಸೀಪುರದಲ್ಲಿ ಮೋಟಾರ್ ಮೆಕ್ಯಾನಿಕ್ ಆಗಿದ್ದರು. ಊಟಿ ಕಡೆಯ ಎಸ್ಟೇಟಿನ ಮುದುಕರೊಬ್ಬರು ಕಣ್ಣು ಮಂಜಾದ ಮೇಲೆ ತಮ್ಮ ಹಳೇ ಎಂ.ಜಿ. ಕಾರನ್ನು ಅಪ್ಪನ ಹೆಸರಿಗೆ ಬರೆದುಕೊಟ್ಟರು. ಈಗ ರಸ್ತೆ ತುಂಬ ಓಡಾಡುವ ದೊಡ್ಡ ಎಂ.ಜಿ. ಅಲ್ಲ. ಇಂಗ್ಲೆಂಡಿನಿಂದ ಬಂದ, ಮೇಲೆ ಸೂರಿಲ್ಲದ, ಇಬ್ಬರೇ ಕೂರುವ, ನೆಲಕ್ಕೆ ಅಂಟಿಕೊಂಡು ಓಡುವ ಸ್ಪೋರ್ಟ್ಸ್ ಕಾರು. ತೆಳ್ಳನೆಯ ಚರ್ಮದ ಸೀಟು, ಮರದ ಡ್ಯಾಶ್‌ಬೋರ್ಡು, ಅದರಲ್ಲಿ ದುಂಡು ದುಂಡು ಮೀಟರು. ನಾನು ಡ್ರೈವಿಂಗ್ ಕಲಿತದ್ದು ಅದರಲ್ಲೇ. ನಾನು ಗೇರು ಕಿರಿಗುಟ್ಟಿಸಿದಾಗೆಲ್ಲ ಪಕ್ಕದಲ್ಲಿ ಕೂತ ಅಪ್ಪ ತಮ್ಮದೇ ಹಲ್ಲು ಕಿತ್ತಂತೆ ಮುಖ ಮಾಡುತ್ತಿದ್ದರು. ಸಾಯುವ ಮುಂಚೆ ಕಾರನ್ನು ನನಗೆ ಕೊಟ್ಟರು. ಅಂದಿನಿಂದ ನನಗಿದ್ದ ಆಸೆ ಒಂದೇ. ಅದನ್ನು ನಾನೇ ಓಡಿಸಿಕೊಂಡು ನಂಜನಗೂಡಿನಿಂದ ನಮ್ಮೂರಿಗೆ ಹೋಗಬೇಕು, ಅಪ್ಪನ ಗ್ಯಾರೇಜಿನ ಮುಂದೆ ನಿಲ್ಲಿಸಬೇಕು.

ಅಪ್ಪ ಹೋದ ಮೇಲೆ ಕೆಟ್ಟು ನಿಂತಿದ್ದ ಎಂಜಿನ್ ರಿಪೇರಿಯಾದ ದಿನವೇ ಕೀ ಕೇಳಿದೆ. ನಮ್ಮವರು, ಅಂದರೆ ನೀರಾವರಿ ಆಫೀಸಿನ ಶಿವಸ್ವಾಮಿ, ಕೀಯನ್ನು ಜೇಬಿಗೆ ಇಳಿಸಿದರು.

"ಒಳಗೆ ನೋಡೇ, ಸೀಟೆಲ್ಲ ಅರ್ದೋಗದೆ. ಐಸ್ಕೂಲ್ ಮೇಡಂ ಇದ್ರಲ್ಲಿ ಕೂತ್ಕೊಂಡ್ ಬಂದ್ರೆ ಜನ ಏನಂದಾರು? ತಡಿ, ನಿಂಗೋಸ್ಕರ ಜಮ್ಮಂತ ಮಾಡುಸ್ತೀನಿ."

ಬಸ್ಸು, ಆಟೋ, ಟ್ರ್ಯಾಕ್ಟರುಗಳಿಗೆ ಸೀಟು ಹೊಲಿಯುವ ನಂಜೇಶ ನಮ್ಮ ಶೆಡ್ಡಿಗೇ ಮಿಷಿನ್ ತಂದುಕೊಂಡು ಕೂತ. ನಾನು ಹಳೇ ಫೋಟೋ ತೋರಿಸಿ, ಚರ್ಮ ಇದೇ ಬಣ್ಣದ್ದು, ಹೊಲಿಗೆ ಹೀಗೇ ಇರಲಿ ಎಂದೆ. ನಂಜೇಶ "ಮಾಡ್ಬುಡವಾ ಅಕ್ಕಾ" ಎಂದ. ನಮ್ಮವರು ಬಂದು, ಇದೇನು ಬಸ್ ಸ್ಟ್ಯಾಂಡ್ ಬೆಂಚಾ, ಮೆರೂನ್ ರೆಕ್ಸಿನ್ ಹಾಕು, ದೊಡ್ಡ ಕಾರಿನ ಥರ ದಪ್ಪ ಫೋಮ್ ತುಂಬು ಎಂದರು. ಅದಕ್ಕೂ "ಮಾಡ್ಬುಡವಾ ಸಾ" ಎಂದ. ಅವನ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ, ಪುಣ್ಯಾತ್ಮ.

ಸೀಟು ಹಿಂದೆ ಮುಂದೆ ಸರಿಯುವ ಕಂಬಿ ಲೊಟಲೊಟ ಅನ್ನುತ್ತದೆಂದು ಅದನ್ನು ಕೀಳಿಸಿ ಸೀಟನ್ನು ನೆಲಕ್ಕೇ ಬೋಲ್ಟು ಹೊಡೆಸಿದರು. ಹಾಡು ದಡದಡ ಅನ್ನಲೆಂದು ಸೀಟಿನ ಬೆನ್ನಿಗೆ ಒತ್ತಿಕೊಂಡು ಊಫರಿನ ಡಬ್ಬ ಕೂರಿಸಿದರು. ಕಾಲಿನ ಹತ್ತಿರ ನೀಲಿ ಲೈಟು, ಸ್ಟೀರಿಂಗ್ ಮಧ್ಯಕ್ಕೆ ಹೊಸ ಹಾರ್ನು. ಒಂದು ದಿನ ಸ್ಕೂಲಿಂದ ಬಂದು ನೋಡುತ್ತೇನೆ, ಮರದ ಡ್ಯಾಶ್‌ಬೋರ್ಡಿನ ತುಂಬ ಹಸಿರು ಪ್ಲಾಸ್ಟಿಕ್ ಹುಲ್ಲು ಅಂಟಿಸಿದ್ದಾರೆ. ನನಗೆ ಅಳು ತಡೆಯಲಾಗಲಿಲ್ಲ. ಅಪ್ಪ ತೀರಿಕೊಂಡ ದಿನ ಬಂದವರನ್ನು ಸುಧಾರಿಸುವುದರಲ್ಲೇ ಹೊತ್ತು ಹೋಗಿತ್ತು. ಆವತ್ತಿನದನ್ನೆಲ್ಲ ಆ ಹುಲ್ಲಿನ ಮುಂದೆ ನಿಂತು ಅತ್ತುಬಿಟ್ಟೆ.

"ಖುಷಿಗೆ ಅಳ್ತಾವ್ಳೆ," ಎಂದು ನಮ್ಮವರು ನಂಜೇಶನಿಗೆ ವಿವರಿಸಿದರು.

ಹೋಗಲಿ, ಹುಲ್ಲಿದ್ದರೂ ಕಾರು ಅಪ್ಪನದೇ ತಾನೇ ಎಂದು ಸಮಾಧಾನ ಮಾಡಿಕೊಂಡು ಒಂದು ಸಂಜೆ ಬಾಗಿಲು ತೆಗೆದು ಒಂದು ಕಾಲು ಒಳಗಿಟ್ಟೆ. ಹಿಂದಿನಿಂದ ಕೂಗು ಬಂತು.

"ಏಯ್, ಇಳಿಯೇ. ಪೂಜೆಗೆ ಮುಂಚೆ ಯಾರೂ ಕೂರಂಗಿಲ್ಲ."

"ಇದು ಹೊಸ ಕಾರಲ್ಲರೀ. ನಾನು ಕಾಲೇಜಿಗೆ ಹೋಗುವಾಗಿಂದ ಕೂತಿರೋ ಕಾರು."

"ಕಾರು ಅಳೇದು, ಸೀಟು ಒಸದು. ಸೀಟ್ಗೂ ಶಾಸ್ತ್ರ ಇರ್ತದೆ."

ಯಾವ ಶಾಸ್ತ್ರದಲ್ಲಿ ಕಾರಿನ ಸೀಟಿನ ಅಧ್ಯಾಯವಿದೆಯೋ ನಾನು ಕಾಣೆ. ನಮ್ಮತ್ತೆ ರಾಚಮ್ಮ ಮಾತ್ರ ಮಗನ ಮಾತಿಗೆ ತಲೆಯಾಡಿಸಿದರು. ನಂಜೇಶನಿಗೂ ಕಟ್ಟಪ್ಪಣೆಯಾಯಿತು. ಅಳತೆ ಏನಿದ್ದರೂ ಟೇಪಿನಲ್ಲಿ ಹಿಡಿಯಬೇಕು, ಕೂತು ನೋಡಕೂಡದು. ಅವನು "ಆಗ್ಲಿ ಸಾ" ಎಂದ.

ಪೂಜೆಯ ಹಿಂದಿನ ದಿನ ನಿಜ ಹೊರಬಿತ್ತು. ಮೈಸೂರಿನ ಯಾವುದೋ ರೆಸಾರ್ಟಿನವರಿಗೆ ಕಾರನ್ನು ಬಾಡಿಗೆಗೆ ಒಪ್ಪಿಸಿಯಾಗಿತ್ತು. ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವ ಹುಡುಗ ಹುಡುಗಿಯರು ಅದರಲ್ಲಿ ಕೂತು ನಗಬೇಕಂತೆ. ಪೂಜೆಯ ಮಧ್ಯಾಹ್ನವೇ ಬಂದು ತೆಗೆದುಕೊಂಡು ಹೋಗುತ್ತಾರಂತೆ.

"ಮತ್ತೆ ನಾನು ಯಾವಾಗ ಓಡಿಸೋದು?" ಎಂದೆ.

"ನಿಂಗ್ಯಾಕೆ ತೊಂದ್ರೆ ಅಂತಾನೇ ಕೊಟ್ಟಿದ್ದು ಕಣೇ," ಎಂದರು. ಮೈಯೆಲ್ಲ ಉರಿದುಹೋಯಿತು. ರಾತ್ರಿ ಸಾರಿಗೆ ಉಪ್ಪು ಹಾಕಲಿಲ್ಲ. ಅದು ಅವರಿಗೆ ಗೊತ್ತೂ ಆಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಕಾರನ್ನು ತಳ್ಳಿ ಮನೆ ಮುಂದೆ ನಿಲ್ಲಿಸಿದರು. ಹಾರ, ಅರಿಶಿನ, ಕುಂಕುಮ, ಚಕ್ರಗಳ ಕೆಳಗೆ ನಿಂಬೆಹಣ್ಣು. ಹತ್ತೂವರೆಗೆ ರಾಹುಕಾಲ ಬರುತ್ತದೆ, ಅಷ್ಟರೊಳಗೆ ಗಾಡಿ ಹೊರಡಬೇಕು ಎಂದು ಅರ್ಚಕರು ಹೇಳಿಯೇ ಶುರು ಮಾಡಿದ್ದರು. ನಮ್ಮವರು ಓಡಿಸುವುದು, ಅತ್ತೆ ಪಕ್ಕದಲ್ಲಿ ಕೂರುವುದು, ದೇವಸ್ಥಾನಕ್ಕೆ ಹೋಗಿ ಬರುವುದು ಎಂದು ಏರ್ಪಾಡಾಗಿತ್ತು. ನನಗೂ ಒಂದು ಕೆಲಸ ಇಟ್ಟಿದ್ದರು, ಆರತಿ ತಟ್ಟೆ ಹಿಡಿದುಕೊಂಡು ನಿಲ್ಲುವುದು.

ಅತ್ತೆ ರೇಷ್ಮೆ ಸೀರೆ ಸರಿಮಾಡಿಕೊಂಡು ಹತ್ತಿ ಕೂತರು. ನಮ್ಮವರು ಪಂಚೆ ಎತ್ತಿಕಟ್ಟಿ ಒಂದು ಕಾಲು ಒಳಗಿಟ್ಟರು. ಮಂಡಿ ಸ್ಟೀರಿಂಗಿಗೆ ಹೊಡೆಯಿತು. ತೆಗೆದು ಇನ್ನೊಂದು ಕಾಲು ಇಟ್ಟರು. ಕೊನೆಗೆ ಹೇಗೋ ಓರೆಯಾಗಿ ತೂರಿಕೊಂಡು ದಪ್ಪ ಮೆರೂನ್ ಸೀಟಿನ ಮೇಲೆ ಕೂತರು. ಕೂತರೇನು ಬಂತು? ಸೀಟು ಅವರನ್ನು ಮುಂದಕ್ಕೂ ಮೇಲಕ್ಕೂ ನೂಕಿ, ಹೊಟ್ಟೆ ಸ್ಟೀರಿಂಗಿಗೆ ಒತ್ತಿಕೊಂಡಿತ್ತು. ಅವರು ಉಸಿರೆಳೆದುಕೊಂಡಾಗೆಲ್ಲ ಹಾರ್ನು ಹೊಡೆಯುತ್ತಿತ್ತು.

"ಸೀಟ್ ಇಂದುಕ್ ತಳ್ಳೋ ನಂಜೇಶ."

"ಬೋಲ್ಟ್ ಒಡ್ದೀವಲ್ಲ ಸಾ. ಇಂದೆ ಊಫರ್ ಡಬ್ಬ ಬ್ಯಾರೆ ಅದೆ."

"ಕೂತ್ ನೋಡ್ಬಾರ್ದಿತ್ತೇನೋ?"

"ನೀವೇ ಬ್ಯಾಡ ಅಂದ್ರಲ್ಲಾ ಸಾ."

ಹಾರ್ನಿಗೆ ಬೀದಿಯವರೆಲ್ಲ ಹೊರಗೆ ಬಂದರು. ನಂಜೇಶ ಕಂಕುಳಿಗೆ ಕೈಹಾಕಿ ನಮ್ಮವರನ್ನು ಹೊರಗೆಳೆದ. ನೀನಾದರೂ ಓಡಿಸು ಎಂದರೆ ಅವನು ಹಿಂದೆ ಸರಿದ. "ಸೀಟ್ ಒಲಿತೀನಿ ಅಷ್ಟೆಯಾ ಸಾ, ಓಡ್ಸಾಕ್ ಬರಾಕಿಲ್ಲ." ಅರ್ಚಕರು ವಾಚು ನೋಡಿಕೊಂಡರು. ಅತ್ತೆ ಒಳಗಿನಿಂದಲೇ, "ಯಾರಾದ್ರೂ ಓಡುಸ್ರಪ್ಪಾ, ರಾವುಕಾಲ ಬತ್ತದೆ," ಎಂದರು.

ನಾನು ಆರತಿ ತಟ್ಟೆಯನ್ನು ನಮ್ಮವರ ಕೈಗೆ ಕೊಟ್ಟು ಕೀ ತೆಗೆದುಕೊಂಡೆ.

"ನಿಂಬೆಣ್ಣು ದಾಟ್ಸಿ ನಿಲ್ಲಿಸ್ಬುಡು," ಎಂದರು.

ಎಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು. ನಾನು ಕುಳ್ಳಿ, ತೆಳ್ಳಗಿದ್ದೇನೆ. ಎಲ್ಲವೂ ಕೈಗೆ ಕಾಲಿಗೆ ಸರಿಯಾಗಿ ಸಿಗುತ್ತಿತ್ತು. ಆ ಸೀಟನ್ನು ನಿಜವಾಗಿಯೂ ನನಗೋಸ್ಕರವೇ ಮಾಡಿಸಿದಂತಿತ್ತು. ನಿಂಬೆಹಣ್ಣುಗಳು ಪಚಕ್ಕನೆ ಅಪ್ಪಚ್ಚಿಯಾದವು. ಆಗ ನನ್ನ ಕಾಲು ಬ್ರೇಕಿಗೆ ಹೋಗಬೇಕಿತ್ತು, ಹೋಗಲಿಲ್ಲ. ಕನ್ನಡಿಯಲ್ಲಿ ನೋಡಿದರೆ ನಮ್ಮವರು ಆರತಿ ಆರದ ಹಾಗೆ ಕೈ ಅಡ್ಡ ಹಿಡಿದುಕೊಂಡು ಹಿಂದೆ ಓಡಿ ಬರುತ್ತಿದ್ದರು. ಬೀದಿಯ ತಿರುವಿನಲ್ಲಿ ಅವರೂ ಮರೆಯಾದರು.

ಅತ್ತೆ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

"ದೇವಸ್ತಾನ ಅತ್ಲಾಗಲ್ವಾ?"

"ನಮ್ಮೂರಿಗೆ ಹೋಗ್ತಿದ್ದೀನಿ ಅತ್ತೆ. ಇಳೀತೀರಾ?" ಇಳಿಯುತ್ತೇನೆ ಅಂದಿದ್ದರೆ ನಿಲ್ಲಿಸಲೇಬೇಕಿತ್ತು, ನಿಲ್ಲಿಸಿದ್ದರೆ ಮುಗಿಯಿತು.

ಅವರು ಬಾಗಿಲಿನಿಂದ ಒಂದು ಕೈ ತೆಗೆದು ಸೆರಗು ಸರಿಮಾಡಿಕೊಂಡರು. "ತಗಡೂರ್ ಮ್ಯಾಲೆ ಓದ್ರೆ ಸುತ್ತಾಯ್ತದಾ?"

"ಸುತ್ತಾಗುತ್ತೆ."

"ಆದ್ರಾಗ್ಲಿ. ನಮ್ಮಣ್ಣನ ಮನೆ ಮುಂದೆ ಒಸಿ ಮೆಲ್ಲುಕ್ ಓಡ್ಸು. ಓದ್ ಸಲ ಅವ್ರ್ ಕಾರಲ್ಲಿ ಜಾಗ ಇಲ್ಲ ಅಂತ ನನ್ನ ಬಸ್ಸಿಗತ್ತಿಸ್ಬುಟ್ಲು, ಅವ್ನ ಎಂಡ್ತಿ."

ತಗಡೂರಿನಲ್ಲಿ ಆ ಮನೆಯ ಜಗುಲಿ ಮೇಲೆ ಅವರ ಅತ್ತಿಗೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ನಾನು ನಡೆದು ಹೋಗುವವರಿಗಿಂತ ನಿಧಾನವಾಗಿ ಓಡಿಸಿದೆ. ಅತ್ತೆ ಆ ಕಡೆ ತಿರುಗಿಯೂ ನೋಡಲಿಲ್ಲ. ಮಿನಿಸ್ಟರ್ ಹಾಗೆ ನೆಟ್ಟಗೆ ಮುಂದೆ ನೋಡುತ್ತ, "ನೋಡಿದ್ಲಾ?" ಎಂದು ತುಟಿ ಅಲುಗಿಸದೆ ಕೇಳಿದರು. ನೋಡಿದರು ಎಂದೆ.

ಊರು ದಾಟಿದ ಮೇಲೆ ಅತ್ತೆಯ ಫೋನು ಹೊಡೆದುಕೊಂಡಿತು. ನಮ್ಮವರು ಅರಚುತ್ತಿದ್ದದ್ದು ನನಗೂ ಕೇಳುತ್ತಿತ್ತು. ಮೈಸೂರಿನವರು ಬೇಗನೇ ಬಂದು ಬಾಗಿಲಲ್ಲಿ ಕೂತಿದ್ದಾರೆ, ಕಾರು ವಾಪಸ್ ತರಲು ಹೇಳು ಎಂದು. ಆಕ್ಸಿಲರೇಟರ್ ಮೇಲಿದ್ದ ನನ್ನ ಕಾಲು ತಾನಾಗಿಯೇ ಸಡಿಲವಾಯಿತು. ಇಷ್ಟೇ ನನ್ನ ಪಾಲು ಅಂದುಕೊಂಡೆ.

"ಕಾರು ಅವ್ಳಪ್ಪಂದು ಕಣ್ಲಾ," ಎಂದರು ಅತ್ತೆ. "ಕೊಡಾದು ಬುಡಾದು ಅವ್ಳ್ನೇ ಕೇಳು."

ಅತ್ತ ಕಡೆಯಿಂದ, ಹಾಗಾದರೆ ಫೋನು ಅವಳಿಗೇ ಕೊಡು ಎಂದು ಕೇಳಿಸಿತು.

"ಕೊಡಾಕಿಲ್ಲ. ಗಾಡಿ ಓಡ್ಸಾವಾಗ ಮಾತಾಡ್ಬಾರ್ದು."

ಫೋನು ಆರಿಸಿ ಸೆರಗಿನಲ್ಲಿ ಗಂಟುಹಾಕಿಕೊಂಡು ಅವರು ನನ್ನ ಕಡೆ ತಿರುಗಿದರು.

"ನೀನ್ಯಾಕ್ ನಿಧಾನ ಮಾಡ್ದೆ? ಓಗು."