ಒಂದನೇ ಹಗ್ಗ

ಕ್ಲೌಸ್ಟನ್ ಮೇಜಿನ ಮೇಲಿಟ್ಟ ಚೀಟಿಯನ್ನು ಜೀಮ್ಸಿ ಅವನತ್ತಲೇ ತಳ್ಳಿದ.

"ಒಂದನೇ ಹಗ್ಗ ನನಗೆ ಬೇಡ. ಬೇರೆ ಯಾರಿಗಾದ್ರೂ ಕೊಡು."

"ಹೆಂಡ್ತಿ ತಲೆ ಕಡೆ ಗಂಡ ಅಲ್ದೆ ಇನ್ಯಾರು ನಿಲ್ತಾರೆ ಮಾರಾಯ?" ಪೆಟ್ಟಿಗೆ ಮಾಡುವುದರಿಂದ ಹಿಡಿದು ಮಣ್ಣು ಮುಚ್ಚುವತನಕ ದ್ವೀಪಕ್ಕೆಲ್ಲ ಕ್ಲೌಸ್ಟನ್ ಒಬ್ಬನೇ, ಹಾಗಾಗಿ ಅವನಿಗೆ ಎದುರಾಡುವವರು ಕಡಿಮೆ. "ಪಟ್ಟಿ ನಂದಲ್ಲ, ಸಾಯೋ ಮುಂಚೆ ಥೋರಾನೇ ಬರೆಸಿದ್ದು. ಇದೇನು ಇಸ್ಪೀಟ್ ಎಲೆನಾ, ಬೇಡದ್ದನ್ನ ವಾಪಸ್ ತಳ್ಳೋಕೆ?"

ಚೀಟಿಯಲ್ಲಿ ಶವಪೆಟ್ಟಿಗೆಯ ಚಿತ್ರ, ಸುತ್ತ ಎಂಟು ಅಂಕಿ. ಗುಂಡಿಗೆ ಇಳಿಸುವಾಗ ಯಾರು ಯಾವ ಹಗ್ಗ ಹಿಡಿಯಬೇಕು ಎಂಬ ಲೆಕ್ಕ. ತಲೆಯ ಕಡೆ ಒಂದು, ಜೀಮ್ಸಿ. ಕಾಲಿನ ಕಡೆ ಎರಡು, ಮಗಳು ರೋನಾ.

ನೆರೆಮನೆಯ ಹಿಲ್ಡಾ ಟೀ ಬಗ್ಗಿಸುತ್ತ ಬಂದಳು. ಸಾವಿನ ಮನೆಯಲ್ಲಿ ಒಮ್ಮೆಯಾದರೂ ನಗಿಸದಿದ್ದರೆ ಅವಳಿಗೆ ಸಮಾಧಾನವಿಲ್ಲ.

"ಒಂದು ಕುರ್ಚಿಗೆ ನನ್ನನ್ನ ಆರು ವರ್ಷ ಕಾಯಿಸಿದ್ಲು ಕಣ್ರೀ. ಬಂದ ಮೇಲೆ ನೋಡ್ತೀನಿ, ಒರಗೋ ಕಡೆ ಸೊಟ್ಟ! ಇದೇನೇ ಥೋರಾ ಅಂದ್ರೆ, ನಿನ್ನ ಬೆನ್ನಿನ ಅಳತೆ ತಗೊಂಡೇ ಮಾಡಿದ್ದು ಅಂದ್ಲು."

ಎಲ್ಲರೂ ನಕ್ಕರು. ನಕ್ಕಾದ ಮೇಲೆ ಹಿಲ್ಡಾ ಕಣ್ಣೊರೆಸಿಕೊಂಡಳು. "ಸುಮ್ನೆ ಹೇಳಬಾರದು. ಇವನ ಥರ ನೋಡ್ಕೊಂಡ ಗಂಡಸು ಈ ಆರ್ಕ್ನಿ ದ್ವೀಪಗಳಲ್ಲೇ ಇಲ್ಲ."

ಜೀಮ್ಸಿ ಟೀ ಮುಟ್ಟದೆ ಎದ್ದು ಹೋದ.

*

ನರಗಳನ್ನು ತಿನ್ನುವ ಈ ಕಾಯಿಲೆಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಅಲ್ಲಿ ಯಾರೂ ಪೂರ್ತಿ ಹೆಸರು ಹೇಳುವುದಿಲ್ಲ. ಎಂಎಸ್ ಅಂದರೆ ಸಾಕು, ಬೀದಿಗೊಬ್ಬರಿದ್ದಾರೆ. ಥೋರಾಳಿಗೆ ಬಂದಾಗ ಅವಳಿಗೆ ಮೂವತ್ತನಾಲ್ಕು, ರೋನಾಳಿಗೆ ಆರು. ಓಟ್ಸ್ ಹುಲ್ಲನ್ನು ಸಾಲುಸಾಲಾಗಿ ಹೊಲಿದು ಕುರ್ಚಿಗೆ ಬೆನ್ನು ಕಟ್ಟುವುದು ಅವಳ ಕಸುಬು. ಮೊದಲು ಸೂಜಿ ಜಾರಿತು, ಆಮೇಲೆ ಕಾಲು ಸೋತಿತು. ಬೆಳಗಾದರೆ ಬೆರಳುಗಳು ಮುಷ್ಟಿ ಕಟ್ಟಿಕೊಂಡಿರುತ್ತಿದ್ದವು.

ಜೀಮ್ಸಿ ದೋಣಿ ಕಟ್ಟೆಯ ಕೆಲಸಗಾರ. ಬಂದ ಹಡಗಿನ ಹಗ್ಗ ಹಿಡಿದು ಗೂಟಕ್ಕೆ ಸುತ್ತುವವನು. ಕೆಲಸಕ್ಕೆ ಹೊರಡುವ ಮೊದಲು ಹೆಂಡತಿಯ ಮುಷ್ಟಿಯನ್ನು ಅಂಗೈಯಲ್ಲಿಟ್ಟುಕೊಂಡು, ಕಿರುಬೆರಳಿನಿಂದ ಶುರುಮಾಡಿ ಒಂದೊಂದಾಗಿ ಬಿಡಿಸುತ್ತಿದ್ದ. ಹೆಬ್ಬೆರಳಿನಿಂದ ಶುರುಮಾಡಿದರೆ ನೋವು. ಕೊನೆಗೆ ಸೂಜಿ ಕೊಡುತ್ತಿದ್ದ. ಮೂರು ಸಾಲು ಹೊಲಿಯುವಷ್ಟರಲ್ಲಿ ಅವಳ ದಿನದ ಶಕ್ತಿ ಮುಗಿಯುತ್ತಿತ್ತು.

"ಕೈಯಲ್ಲಿರೋ ಬಲ ಎಲ್ಲ ಕುರ್ಚಿಗೇನಾ? ನನ್ನ ಜಡೆಗೆ ಇಲ್ವಾ?" ಎಂದು ರೋನಾ ಒಂದು ಬೆಳಿಗ್ಗೆ ಕೇಳಿಬಿಟ್ಟಳು.

ಮರುದಿನದಿಂದ ಎರಡು ಸಾಲು ಹುಲ್ಲು, ಒಂದು ಜಡೆ. ಜಡೆಯೂ ಸೊಟ್ಟಗೇ ಇರುತ್ತಿತ್ತು. ಶಾಲೆಯಲ್ಲಿ ಹುಡುಗಿಯರು ಆಡಿಕೊಂಡರೂ ರೋನಾ ಅದನ್ನು ಬಿಚ್ಚಿ ಕಟ್ಟಿಕೊಳ್ಳಲಿಲ್ಲ.

*

ಶವದ ಕಾರಿನ ಹಿಂದಿನ ಕಾರಿನಲ್ಲಿ ಅಪ್ಪ ಮಗಳು ಇಬ್ಬರೇ, ಓಡಿಸುತ್ತಿದ್ದವಳು ರೋನಾ.

"ರೋನಾ, ಅಮ್ಮ ಜಾರಿ ಬಿದ್ದದ್ದಲ್ಲ."

ಅವಳು ಗೇರು ಬದಲಿಸಿದಳು. "ಮತ್ತೆ?"

"ನಾನು ಬೀಳಿಸಿದೆ. ಸ್ನಾನಕ್ಕೆ ಎತ್ತಿದ್ದೆ. ಭುಜ ಸೋತುಹೋಯ್ತು."

*

ಅದು ಕಳೆದ ಅಕ್ಟೋಬರ್ ತಿಂಗಳು. ಸೊಂಟದ ಮೂಳೆ ಮುರಿದು ನೆಲದ ಮೇಲೆ ಬಿದ್ದಿದ್ದ ಥೋರಾ, ಆಂಬುಲೆನ್ಸ್ ಬರುವ ಮೊದಲು ಜೀಮ್ಸಿಯ ಅಂಗಿ ಹಿಡಿಯಲು ನೋಡಿದಳು, ಆಗಲಿಲ್ಲ.

"ನಾನೇ ಜಾರಿದೆ ಅಂತ ಹೇಳು. ಕೇಳಿಸ್ತಾ? ನಿನ್ನ ಬಾಯಲ್ಲಿ ಬೇರೆ ಮಾತು ಬರಬಾರದು."

ಅವನು ಹಾಗೇ ಹೇಳಿದ. ಅಂದು ಹಾಸಿಗೆ ಹಿಡಿದವಳು ಏಳಲಿಲ್ಲ. ಫೆಬ್ರವರಿಯಲ್ಲಿ ಕಫ ಕಟ್ಟಿ ಹೋದಳು.

*

ರೋನಾ ಕಾರಿನ ವೇಗ ತಗ್ಗಿಸಿದಳು.

"ಅಮ್ಮನ್ನ ಎತ್ತೋ ಯಂತ್ರ ತರಿಸಿಕೊಟ್ಟಿದ್ನಲ್ಲ ಅಪ್ಪಾ, ಬೇಸಿಗೇಲೇ."

"ಹೌದು, ನೀನು ಕೊಟ್ಟಿದ್ದೆ."

"ಎಲ್ಲಿದೆ?"

"ಕೊಟ್ಟಿಗೇಲಿ."

"ಡಬ್ಬಾ ಬಿಚ್ಚಿದೀಯ?"

ನಲವತ್ತು ವರ್ಷ ಹಡಗು ನಿಲ್ಲಿಸಿದ ತೋಳಿದು, ಹೆಂಡತಿಯನ್ನು ಎತ್ತಲು ಕಬ್ಬಿಣದ ಕೈ ಯಾಕೆ ಎಂದು ಆಗ ಜಂಬ ಕೊಚ್ಚಿದ್ದ. ಆ ಮಾತು ನೆನಪಾಗಿ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಇಲ್ಲ."

ಕಾರು ಸ್ಮಶಾನದ ಗೇಟು ತಲುಪಿತು. ರೋನಾ ಇಳಿದು, ಅವನಿಗಾಗಿ ಕಾಯದೆ, ಒಬ್ಬಳೇ ನಡೆದುಹೋದಳು.

ಸಮುದ್ರದ ಗಾಳಿಗೆ ಪಾದ್ರಿಯ ಅರ್ಧ ಪ್ರಾರ್ಥನೆ ಯಾರಿಗೂ ಕೇಳಿಸಲಿಲ್ಲ. ಕ್ಲೌಸ್ಟನ್ ಒಂದೊಂದೇ ಅಂಕಿ ಕೂಗಿದ. ಕರೆದವರು ಬಂದು ತಮ್ಮ ಜಾಗದಲ್ಲಿ ನಿಂತರು. ರೋನಾ ಕಾಲಿನ ಕಡೆ, ತಲೆ ತಗ್ಗಿಸಿ. ಒಂದು ಎಂದು ಮೊದಲೇ ಎರಡು ಸಲ ಕೂಗಿಯಾಗಿತ್ತು, ಜೀಮ್ಸಿ ಕದಲಿರಲಿಲ್ಲ.

"ಬಾ ಜೀಮ್ಸಿ," ಹಿಲ್ಡಾ ಬೆನ್ನಿಗೆ ಕೈಯಿಟ್ಟು ಮೆಲ್ಲಗೆ ಅಂದಳು, "ಅವಳನ್ನ ಚಳೀಲಿ ಕಾಯಿಸಬೇಡ."

ಅವನು ಹೋಗಿ ಹಗ್ಗ ಹಿಡಿದ. ಭುಜ ಅದೇ ಭುಜ. ಪೆಟ್ಟಿಗೆ ಗಾಳಿಯಲ್ಲಿ ಒಮ್ಮೆ ಓಲಾಡಿತು. ಹಲ್ಲು ಕಚ್ಚಿ ಗೇಣುಗೇಣಾಗಿ ಇಳಿಸಿದ. ಅಷ್ಟು ಹಗುರವಾಗಿ ಅವನು ಅವಳನ್ನು ಹಾಸಿಗೆಯ ಮೇಲೂ ಮಲಗಿಸಿರಲಿಲ್ಲ. ಪೆಟ್ಟಿಗೆ ನೆಲ ಮುಟ್ಟಿದ್ದು ಕೈಗೆ ತಿಳಿಯಿತು.

"ಇನ್ನು ಬಿಡಿ," ಎಂದ ಕ್ಲೌಸ್ಟನ್.

ಹಗ್ಗಗಳನ್ನು ಪೆಟ್ಟಿಗೆಯ ಮೇಲೆ ಬಿಟ್ಟುಬಿಡುವುದು ಪದ್ಧತಿ. ಏಳು ಬಿದ್ದವು. ಒಂದನೆಯದು ಮಾತ್ರ ಬೀಳಲಿಲ್ಲ.

"ಬಿಡಬೇಕು ಜೀಮ್ಸಿ. ಮುಗೀತು."

"ಬರ್ತಾ ಇಲ್ಲ," ಎಂದ ಜೀಮ್ಸಿ. ಬೆರಳುಗಳು ನಿಜವಾಗಿಯೂ ಬಿಚ್ಚುತ್ತಿರಲಿಲ್ಲ.

ಜನ ಕಾಲು ಬದಲಿಸಿದರು. ಯಾರೋ ಕೆಮ್ಮಿದರು. ಆಗ ರೋನಾ ಕಾಲಿನ ಕಡೆಯಿಂದ ಹೊರಟು, ಗುಂಡಿಯ ಅಂಚಿಗೇ ಸುತ್ತಿಕೊಂಡು ತಲೆಯ ಕಡೆಗೆ ಬಂದಳು. ಅಪ್ಪನ ಮುಖ ನೋಡಲಿಲ್ಲ. ಕೈಗವಸು ಕಳಚಿ ಜೇಬಿಗೆ ತುರುಕಿಕೊಂಡಳು. ಅವನ ಮುಷ್ಟಿಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು, ಕಿರುಬೆರಳಿನಿಂದ ಶುರುಮಾಡಿ, ಒಂದೊಂದಾಗಿ ಬಿಡಿಸತೊಡಗಿದಳು.